ನಮ್ಮ ಬೀದಿಯ ಎರಡು ಪಾರ್ಕಿಂಗ್ ಜಾಗ ಕಾರ್‌ಶೇರ್‌ಗೆ ಹೋಯಿತು: ಗಂಡ ಸರಿಯೋ, ಹೆಂಡತಿ ಸರಿಯೋ?

ಪ್ರಶ್ನೆ: ನಾನು ಹಾಸನದ ಕಡೆಯವನು. ಒಂಬತ್ತು ವರ್ಷದಿಂದ ಅಮೆರಿಕದ ಒಂದು ದೊಡ್ಡ ನಗರದಲ್ಲಿದ್ದೇನೆ, ಊರಿನ ಹೆಸರು ಹಾಕಬೇಡಿ. ಹಳೇ ಕಟ್ಟಡ, ಬಾಡಿಗೆ ಮನೆ, ಗ್ಯಾರೇಜ್ ಇಲ್ಲ. ರಾತ್ರಿ ಎಂಟು ದಾಟಿದರೆ ಕಾರು ನಿಲ್ಲಿಸಲು ನಾಲ್ಕು ಸುತ್ತು ಹೊಡೆಯಬೇಕು. ಹೀಗಿರುವಾಗ ಹೋದ ತಿಂಗಳು ನಮ್ಮ ಬೀದಿಯಲ್ಲಿ ಎರಡು ಜಾಗಕ್ಕೆ ಬೋರ್ಡ್ ಬಿತ್ತು: ಕಾರ್‌ಶೇರ್ ಗಾಡಿಗಳಿಗೆ ಮಾತ್ರ, ಬೇರೆಯವು ನಿಂತರೆ ಟೋ ಮಾಡಲಾಗುವುದು. ಈಗ ಅಲ್ಲಿ ಒಂದು ಕಂಪನಿಯ ಎರಡು ಕಾರು ನಿಲ್ಲುತ್ತವೆ, ಸದಸ್ಯರಾದವರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಂಡು ಹೋಗುವಂಥವು. ಎಷ್ಟೋ ಹೊತ್ತು ಜಾಗ ಖಾಲಿ ಇರುತ್ತದೆ, ಆದರೂ ನಾವು ನಿಲ್ಲಿಸುವಂತಿಲ್ಲ. ತೆರಿಗೆ ಕಟ್ಟುವವರು ನಾವು. ಸಾರ್ವಜನಿಕ ರಸ್ತೆಯನ್ನು ಲಾಭ ಮಾಡುವ ಕಂಪನಿಗೆ ಬಿಟ್ಟುಕೊಡುವುದು ಯಾವ ನ್ಯಾಯ? ನನ್ನ ಹೆಂಡತಿ ಮಾತ್ರ ‘ಒಳ್ಳೇದೇ ಆಯ್ತಲ್ಲ, ನಮ್ಮ ಕಾರು ಮಾರಿಬಿಡೋಣ’ ಅಂತಾಳೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ನಾಲ್ಕನೇ ಸುತ್ತಿನಲ್ಲಿ ಆ ಖಾಲಿ ಜಾಗ ಕಣ್ಣಿಗೆ ಬಿದ್ದಾಗ ಹೊಟ್ಟೆ ಉರಿಯುತ್ತದೆ, ಗೊತ್ತು. ಅಲ್ಲಿಂದಲೇ ಶುರು ಮಾಡೋಣ. ಯಾಕೆಂದರೆ ಜನ ಜಾಸ್ತಿ ತಪ್ಪು ತಿಳಿಯುವುದು ಆ ಖಾಲಿ ಜಾಗವನ್ನೇ. ಜಾಗ ಖಾಲಿ ಇದೆ ಅಂದರೆ ಕಾರು ಕೆಲಸಕ್ಕೆ ಹೋಗಿದೆ ಅಂತ ಅರ್ಥ. ಯಾರೋ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಬಹುದು, ಯಾರೋ ಮಂಚ ತರಲು ಹೋಗಿರಬಹುದು. ಬೀದಿಯ ಉಳಿದ ಜಾಗಗಳು ತುಂಬಿವೆ ಅಂದರೆ ಅಲ್ಲಿನ ಕಾರುಗಳು ಸುಮ್ನೆ ನಿಂತಿವೆ. ಹಾಗಾಗಿ ದೂರು ಕೊಡಬೇಕಾದ್ದು ಜಾಗ ಖಾಲಿ ಇದ್ದಾಗ ಅಲ್ಲ. ಆ ಎರಡು ಕಾರು ಹಗಲೂ ರಾತ್ರಿ ಅಲ್ಲೇ ಧೂಳು ತಿನ್ನುತ್ತಾ ನಿಂತಿದ್ದರೆ, ಆಗ ಕೊಡಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನು ‘ರಸ್ತೆ ಎಲ್ಲರದ್ದು’ ಅನ್ನುವ ಮಾತು. ಸರಿ, ಎಲ್ಲರದ್ದು. ಆದರೆ ಈ ರಾತ್ರಿ ನಿಮ್ಮ ಬೀದಿಯಲ್ಲಿ ನಿಂತಿರುವ ಕಾರುಗಳೆಲ್ಲ ಯಾರವು? ಒಂದೊಂದೂ ಒಬ್ಬೊಬ್ಬರ ಸ್ವಂತದ್ದು. ರಸ್ತೆಬದಿಯ ಒಂದು ಪಾರ್ಕಿಂಗ್ ಜಾಗ ಸುಮಾರು ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಹದಿನೈದು ಚದರ ಮೀಟರ್ ಆಯಿತು. ಬೆಂಗಳೂರಿನಲ್ಲಿ ಅಷ್ಟು ಜಾಗದಲ್ಲಿ ಮೂರು ಮಂಚ ಹಾಕಿ ಪಿಜಿ ನಡೆಸುತ್ತಾರೆ. ಅಷ್ಟು ಸರ್ಕಾರಿ ನೆಲವನ್ನು ಒಬ್ಬರ ಕಬ್ಬಿಣದ ಪೆಟ್ಟಿಗೆಗೆ ಬಿಟ್ಟಿರುವುದು ನಮಗೆ ‘ಸಾರ್ವಜನಿಕ’ ಅನಿಸುತ್ತದೆ, ಏಕೆಂದರೆ ರೂಢಿಯಾಗಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾರ್ಕಿಂಗ್ ಬಗ್ಗೆ ಅಧ್ಯಯನ ಮಾಡಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್, 2025ರಲ್ಲಿ ತೀರಿಕೊಂಡರು, ಜೀವನವಿಡೀ ಹೇಳಿದ್ದು ಇದನ್ನೇ. ಕಾರು ತನ್ನ ಆಯುಷ್ಯದ ನೂರಕ್ಕೆ ತೊಂಬತ್ತೈದು ಪಾಲು ನಿಂತೇ ಕಳೆಯುತ್ತದೆ, ಆ ನಿಲ್ಲುವ ಜಾಗದ ಬೆಲೆಯನ್ನು ಕಾರಿಲ್ಲದವರೂ ಸೇರಿ ಕಟ್ಟುತ್ತಾರೆ.

ಗ್ಯಾರೇಜ್ ಇರುವವರ ಕಥೆ ಇನ್ನೂ ಚೆನ್ನ. ಗ್ಯಾರೇಜಿನ ಬಾಗಿಲಿಗೆ ದಾರಿ ಬೇಕು ಅಂತ ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿಕೊಳ್ಳುತ್ತಾರೆ. ಅದರ ಮುಂದೆ ಯಾರೂ ನಿಲ್ಲಿಸುವಂತಿಲ್ಲ. ಅಲ್ಲಿಗೆ ರಸ್ತೆಯ ಒಂದು ಜಾಗ ಆ ಮನೆಗೆ ಮೀಸಲಾಯಿತು. ಒಳಗೆ ಕಾರಾದರೂ ಇರುತ್ತದಾ? ನಾನು ನೋಡಿದ ನಮ್ಮವರ ಗ್ಯಾರೇಜುಗಳಲ್ಲಿ ಊರಿಂದ ಬಂದ ದೊಡ್ಡ ಸೂಟ್‌ಕೇಸುಗಳು, ಗಣೇಶ ಹಬ್ಬದ ಮಂಟಪ, ಮುರಿದ ಟ್ರೆಡ್‌ಮಿಲ್. ಕಾರು ಹೊರಗೆ, ಬೀದಿಯಲ್ಲಿ. ಬೆಂಗಳೂರಲ್ಲಿ ಇದೇ ಕೆಲಸವನ್ನು ಎರಡು ಹೂಕುಂಡ ಮತ್ತು ‘ಗೇಟ್ ಮುಂದೆ ನಿಲ್ಲಿಸಬೇಡಿ’ ಅನ್ನುವ ತಗಡಿನ ಬೋರ್ಡು ಮಾಡುತ್ತವೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ರಸ್ತೆಬದಿಯನ್ನು ಖಾಸಗಿಯವರಿಗೆ ಬಿಡಬೇಕೇ ಅನ್ನುವ ಪ್ರಶ್ನೆ ಎಂದೋ ಮುಗಿದಿದೆ. ಬಿಟ್ಟಾಗಿದೆ. ಈಗ ಕೇಳಬೇಕಾದ್ದು ಯಾರಿಗೆ, ಎಷ್ಟು ದುಡ್ಡಿಗೆ, ಯಾವ ಷರತ್ತಿಗೆ, ಎಷ್ಟು ವರ್ಷಕ್ಕೆ ಅಂತ. ಇದರಲ್ಲಿ ನಿಮ್ಮ ನಗರ ಸೋತಿದ್ದರೆ ನೀವು ಸರಿ. ಗೆದ್ದಿದ್ದರೆ ನಿಮ್ಮ ಮನೆಯವರು ಸರಿ.

ಮೊದಲು ಕಾರ್‌ಶೇರ್‌ಗೆ ಗೊತ್ತಾದ ಜಾಗ ಯಾಕೆ ಬೇಕು ಅನ್ನುವುದು. ಇದು ಹೊಸ ಯೋಚನೆಯಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1948ರಲ್ಲೇ ಕೆಲವರು ಸಹಕಾರ ಸಂಘ ಮಾಡಿಕೊಂಡು ಕಾರು ಹಂಚಿಕೊಂಡಿದ್ದರು. 1987ರಲ್ಲಿ ಅದೇ ದೇಶದಲ್ಲಿ ಎರಡು ಸಂಘಗಳು ಹುಟ್ಟಿ, ಹತ್ತು ವರ್ಷದ ನಂತರ ಒಂದಾಗಿ ‘ಮೊಬಿಲಿಟಿ’ ಆದವು. ಅಮೆರಿಕದಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನಲ್ಲಿ 2000ದಲ್ಲಿ ಜಿಪ್‌ಕಾರ್ ಶುರುವಾಯಿತು, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾಭವಿಲ್ಲದ ಸಂಸ್ಥೆಯಾಗಿ ಸಿಟಿ ಕಾರ್‌ಶೇರ್. ಗಂಟೆ ಲೆಕ್ಕದಲ್ಲಿ ಕಾರು ತೆಗೆದುಕೊಂಡು, ತೆಗೆದ ಜಾಗಕ್ಕೇ ತಂದು ಬಿಡುವುದು ಇವುಗಳ ಕ್ರಮ. ಆಮೇಲೆ ಇನ್ನೊಂದು ಬಗೆ ಬಂತು: ಎಲ್ಲಿ ಬೇಕೋ ಅಲ್ಲಿ ಹತ್ತಿ, ಎಲ್ಲಿ ಬೇಕೋ ಅಲ್ಲಿ ಬಿಟ್ಟು ಹೋಗುವುದು. ಕಾರ್‌ಟುಗೋ ಕಂಪನಿ ಮಾಡಿದ್ದು ಅದನ್ನು. ಆ ಎರಡನೇ ಬಗೆಗೆ ಮೀಸಲು ಜಾಗ ಬೇಕಿಲ್ಲ, ಕೊಡಲೂಬಾರದು. ಅವರು ನಿಮ್ಮ ಹಾಗೇ ಜಾಗ ಹುಡುಕಿಕೊಳ್ಳಲಿ, ಅದಕ್ಕೆ ನಗರಕ್ಕೆ ಫೀಸು ಕಟ್ಟಲಿ. ಮೊದಲನೇ ಬಗೆಗೆ ಮಾತ್ರ ಜಾಗವೇ ಜೀವ.

ಯಾಕೆ ಅಂತ ನನಗೇ ಒಂದು ರಾತ್ರಿ ಅರ್ಥವಾಯಿತು. ಕಾರಿಲ್ಲದೆ ನಗರದಲ್ಲಿದ್ದ ಕಾಲ. ಇಂಥದ್ದೇ ಒಂದು ಕಾರು ತೆಗೆದುಕೊಂಡು ಇಪ್ಪತ್ತು ಮೈಲಿ ದೂರದ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಒಂಬತ್ತು ಗಂಟೆಗೆ ವಾಪಸ್ ಕೊಡಬೇಕು, ಮುಂದಿನವರು ಬುಕ್ ಮಾಡಿದ್ದಾರೆ. ಎಂಟು ಐವತ್ತಕ್ಕೆ ಮೂಲೆಗೆ ಬಂದರೆ ನಮ್ಮ ಜಾಗದಲ್ಲಿ ಯಾರದೋ ಬಿಳಿ ವ್ಯಾನು, ಬ್ಲಿಂಕರ್ ಹಾಕಿಕೊಂಡು ನಿಂತಿದೆ. ಹಿಂದಿನ ಸೀಟಲ್ಲಿ ಅಕ್ಕಿ ಮೂಟೆ, ಕರಗುತ್ತಿರುವ ತೆಂಗಿನತುರಿ ಪ್ಯಾಕೆಟ್ಟು, ನಿದ್ದೆ ಹೋಗಿರುವ ಮಗು. ಕಂಪನಿಗೆ ಫೋನ್ ಮಾಡಿದರೆ ಹನ್ನೊಂದು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ‘ಹತ್ತಿರ ಎಲ್ಲಾದರೂ ನಿಲ್ಲಿಸಿ, ಎಲ್ಲಿ ಅಂತ ಹೇಳಿ’ ಅಂದರು. ಎರಡು ಬೀದಿ ಆಚೆ ಸಿಕ್ಕಿತು. ಅಷ್ಟರಲ್ಲಿ ಮೂಲೆಯಲ್ಲಿ ಒಬ್ಬ ಹುಡುಗ ಬ್ಯಾಗ್ ಹಿಡಿದು, ಫೋನು ನೋಡುತ್ತಾ, ಆ ಬಿಳಿ ವ್ಯಾನಿನ ಸುತ್ತ ಸುತ್ತುತ್ತಿದ್ದ. ಒಂಬತ್ತು ಗಂಟೆಯ ಬುಕಿಂಗ್ ಅವನದು.

ಒಬ್ಬರು ಐದು ನಿಮಿಷ ಅಂತ ನಿಲ್ಲಿಸಿದ್ದಕ್ಕೆ ಇಬ್ಬರ ರಾತ್ರಿ ಹಾಳು. ಇಂಥದ್ದು ಎರಡು ಸಲ ಆದರೆ ಆ ಹುಡುಗ ಏನು ಮಾಡುತ್ತಾನೆ ಹೇಳಿ? ಸ್ವಂತ ಕಾರು ತೆಗೆದುಕೊಳ್ಳುತ್ತಾನೆ. ಅದನ್ನು ತಂದು ನಿಮ್ಮ ಬೀದಿಯಲ್ಲೇ ನಿಲ್ಲಿಸುತ್ತಾನೆ. ಟೋ ಮಾಡುತ್ತೇವೆ ಅನ್ನುವ ಬೋರ್ಡಿನ ಬಿರುಸು ಅದಕ್ಕೇ. ‘ಖಾಲಿ ಇದ್ದಾಗ ನಾವು ನಿಲ್ಲಿಸಿದರೇನು’ ಅನ್ನುವ ನಿಮ್ಮ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ನಿಮ್ಮ ಊರಿನ ಹೆಸರು ಬೇಡ ಅಂದಿರಿ, ಹಾಗಾಗಿ ನಾನು ಚೆನ್ನಾಗಿ ಬಲ್ಲ ಸ್ಯಾನ್ ಫ್ರಾನ್ಸಿಸ್ಕೋ ಕಥೆ ಹೇಳುತ್ತೇನೆ. ಅಲ್ಲಿ ಮೊದಲು ಈ ಕಾರುಗಳು ಪೆಟ್ರೋಲ್ ಬಂಕಿನ ಮೂಲೆ, ಖಾಲಿ ಸೈಟು, ಪಾರ್ಕಿಂಗ್ ಲಾಟುಗಳಲ್ಲಿ ಇದ್ದವು. ನೆಲದ ಬೆಲೆ ಏರಿತು, ಸೈಟುಗಳಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಕಾರುಗಳಿಗೆ ಜಾಗ ಹೋಯಿತು. ಮನೆಗಳು ಜಾಸ್ತಿಯಾದ ಕಡೆಯೇ ಹಂಚಿಕೆ ಕಾರು ಕಡಿಮೆಯಾದರೆ ಹೇಗೆ? ಕ್ಯಾಲಿಫೋರ್ನಿಯಾದ ವಾಹನ ಕಾನೂನು ರಸ್ತೆಬದಿಯನ್ನು ಕಾರ್‌ಶೇರ್‌ಗೆ ಮೀಸಲಿಡಲು ನಗರಗಳಿಗೆ ಅಧಿಕಾರ ಕೊಟ್ಟಿದೆ. ಅದನ್ನು ಹಿಡಿದು ನಗರದ ಸಾರಿಗೆ ಸಂಸ್ಥೆ 2013ರಲ್ಲಿ ಒಂದು ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಸಿಟಿ ಕಾರ್‌ಶೇರ್, ಜಿಪ್‌ಕಾರ್, ಗೆಟ್‌ಅರೌಂಡ್ ಅಂತ ಮೂರು ಸಂಸ್ಥೆ. ಒಬ್ಬೊಬ್ಬರಿಗೆ 150ರವರೆಗೆ, ಒಟ್ಟು 450 ಜಾಗ.

450 ಅಂದರೆ ಜಾಸ್ತಿ ಅನಿಸುತ್ತದೆ, ಅಲ್ವಾ? ಅದೇ ಸಂಸ್ಥೆ 2014ರಲ್ಲಿ ನಗರದ ಪಾರ್ಕಿಂಗ್ ಗಣತಿ ಮುಗಿಸಿತು. ರಸ್ತೆಬದಿಯಲ್ಲೇ 2,75,450 ಜಾಗ ಸಿಕ್ಕವು. 450 ಅದರಲ್ಲಿ ಸಾವಿರಕ್ಕೆ ಎರಡೂ ಆಗುವುದಿಲ್ಲ. ಅಷ್ಟನ್ನೂ ಬಳಸಲಾಗಲಿಲ್ಲ, ಇನ್ನೂರರ ಆಸುಪಾಸಿನಲ್ಲೇ ನಿಂತಿತು. ಒಂದೊಂದು ಜಾಗಕ್ಕೂ ಅಹವಾಲು ಸಭೆ. ಒಂದು ಕಡೆ ಬಸ್ ಸ್ಟಾಪು ಅಡ್ಡ, ಇನ್ನೊಂದು ಕಡೆ ರಸ್ತೆ ಅಗೆತ, ಮತ್ತೊಂದು ಕಡೆ ನಿಮ್ಮಂಥ ಸಿಟ್ಟಿನ ನಿವಾಸಿಗಳು. ಬೇಜಾರು ಮಾಡಿಕೊಳ್ಳಬೇಡಿ, ಆ ಸಿಟ್ಟು ಕೆಲವು ಕಡೆ ಒಳ್ಳೆಯದನ್ನೇ ಮಾಡಿದೆ. ಅದಕ್ಕೆ ಬರುತ್ತೇನೆ.

ದುಡ್ಡಿನ ಲೆಕ್ಕ ಇಲ್ಲಿ ಮುಖ್ಯ. ನಗರವನ್ನು ಮೂರು ವಲಯ ಮಾಡಿ, ಬೇಡಿಕೆ ಜಾಸ್ತಿ ಇರುವ ನಡುಭಾಗದಲ್ಲಿ ಒಂದು ಜಾಗಕ್ಕೆ ತಿಂಗಳಿಗೆ 225 ಡಾಲರ್, ಅದರಾಚೆ 150, ಹೊರವಲಯದಲ್ಲಿ 50 ಇಟ್ಟರು. ಬರೀ ನಡುಭಾಗದಲ್ಲೇ ಕಾರು ತುಂಬಬಾರದು, ಹೊರವಲಯಗಳಲ್ಲೂ ಇಷ್ಟು ಪಾಲು ಇಡಲೇಬೇಕು ಅನ್ನುವುದು ಷರತ್ತು. ಅಂದರೆ ನಡುಭಾಗದ ಒಂದು ಜಾಗಕ್ಕೆ ಕಂಪನಿ ವರ್ಷಕ್ಕೆ 2,700 ಡಾಲರ್ ಕಟ್ಟಬೇಕು. ಆ ಕಾಲದಲ್ಲಿ ನಿವಾಸಿಗಳ ಪಾರ್ಕಿಂಗ್ ಪರ್ಮಿಟ್ಟಿಗೆ ವರ್ಷಕ್ಕೆ ನೂರು ಚಿಲ್ಲರೆ ಡಾಲರ್. ಅದನ್ನು ಜಾಸ್ತಿ ಮಾಡಲೂ ಆಗುವುದಿಲ್ಲ. ಪರ್ಮಿಟ್ ವ್ಯವಸ್ಥೆ ನಡೆಸುವ ಖರ್ಚಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಅನ್ನುವುದು ರಾಜ್ಯದ ಕಾನೂನು. ಈಗ ಹೇಳಿ, ಬಿಟ್ಟಿ ಸಿಕ್ಕಿದ್ದು ಯಾರಿಗೆ? ಈ ಲೆಕ್ಕವನ್ನು ಒಬ್ಬ ಸ್ನೇಹಿತರ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ, ಪಾಯಸ ಬರುವ ಮೊದಲೇ ಮಾತು ನಿಂತುಹೋಗಿತ್ತು. ಆದರೂ ಹೇಳಲೇಬೇಕು. 2017ರಲ್ಲಿ ಆ ಪ್ರಯೋಗ ಕಾಯಂ ಆಯಿತು.

ವಾಷಿಂಗ್ಟನ್ ನಗರ ಬೇರೆ ದಾರಿ ಹಿಡಿಯಿತು. 2005ರ ಹೊತ್ತಿಗೆ ಜಾಗಗಳನ್ನು ಪುಕ್ಕಟೆ ಕೊಟ್ಟು ಶುರು ಮಾಡಿ, ಕಂಪನಿಗಳು ಬೇರೂರಿದ ಮೇಲೆ 2011ರಲ್ಲಿ ಅವನ್ನೇ ಹರಾಜು ಹಾಕಿತು. ಮರುವರ್ಷ ಕಾರ್‌ಟುಗೋ ತನ್ನ 200 ಕಾರುಗಳಿಗೆ ಎಲ್ಲೆಂದರಲ್ಲಿ ನಿಲ್ಲಿಸುವ ಪರವಾನಗಿಗೆ 5,78,000 ಡಾಲರ್ ಕಟ್ಟಿತು. ಹರಾಜು ಕೇಳಲು ಚೆನ್ನ, ಆದರೆ ಒಂದು ತೊಡಕಿದೆ. ಜಾಸ್ತಿ ಕೂಗಿದವರಿಗೆ ಜಾಗ ಅಂದರೆ ಎಲ್ಲರೂ ಶ್ರೀಮಂತರ ಬೀದಿಯನ್ನೇ ಕೂಗುತ್ತಾರೆ. ಕಾರಿಲ್ಲದ ಬಡ ಬಡಾವಣೆಗೆ ಯಾರೂ ಕೂಗುವುದಿಲ್ಲ. ಅದಕ್ಕೇ ನನಗೆ ಸ್ಯಾನ್ ಫ್ರಾನ್ಸಿಸ್ಕೋದ ವಲಯದ ದರವೇ ಮೇಲು ಅನಿಸುತ್ತದೆ.

ಈಗ ನಿಮ್ಮ ನಗರದವರು ಪೋಸ್ಟರಿನಲ್ಲಿ ಹಾಕಿರಬಹುದಾದ ಒಂದು ಅಂಕಿಯ ಬಗ್ಗೆ: ‘ಒಂದು ಹಂಚಿಕೆ ಕಾರು ಹದಿಮೂರು ಕಾರುಗಳನ್ನು ರಸ್ತೆಯಿಂದ ತೆಗೆಯುತ್ತದೆ.’ ಇದು ಬಂದದ್ದು ಬರ್ಕ್‌ಲಿ ವಿಶ್ವವಿದ್ಯಾಲಯದ ಎಲಿಯಟ್ ಮಾರ್ಟಿನ್ ಮತ್ತು ಸೂಸನ್ ಶಹೀನ್ ಅವರ ತಂಡದ ಅಧ್ಯಯನದಿಂದ. ಉತ್ತರ ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಕೇಳಿ ಮಾಡಿದ್ದು. ಅವರು ಹೇಳಿದ್ದು 9ರಿಂದ 13. ಜಾಹೀರಾತಿಗೆ 13 ಮಾತ್ರ ಉಳಿಯಿತು. ಅದರಲ್ಲೂ ನಿಜವಾಗಿ ಮಾರಿದ ಕಾರು 4ರಿಂದ 6. ಉಳಿದದ್ದು ‘ಈ ವ್ಯವಸ್ಥೆ ಇಲ್ಲದಿದ್ದರೆ ಒಂದು ಕೊಳ್ಳುತ್ತಿದ್ದೆ’ ಅಂತ ಸದಸ್ಯರು ಹೇಳಿದ್ದು. ಹಾಗೆ ಹೇಳಿದ್ದು ಸುಳ್ಳು ಅಂತಲ್ಲ. ಆದರೆ ಕೊಳ್ಳದ ಕಾರನ್ನು ಎಣಿಸುವುದು, ಹುಟ್ಟದ ಮಗುವಿಗೆ ಹೆಸರಿಟ್ಟ ಹಾಗೆ, ಸ್ವಲ್ಪ ಹುಷಾರಾಗಿರಬೇಕು. ಜೊತೆಗೆ ಕಾರ್‌ಶೇರ್ ಸೇರುವವರೇ ಕಾರು ಬಿಡುವ ಮನಸ್ಸು ಮಾಡಿದವರು. ಕಾರು ಬಿಡಿಸಿದ್ದು ಕಾರ್‌ಶೇರೋ ಆ ಮನಸ್ಸೋ ಅಂತ ಬೇರ್ಪಡಿಸುವುದು ಕಷ್ಟ.

ಅದೇ ತಂಡ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿದೆ. ಅದನ್ನು ಪೋಸ್ಟರಿಗೆ ಯಾರೂ ಹಾಕುವುದಿಲ್ಲ. ಸದಸ್ಯರಲ್ಲಿ ಹೆಚ್ಚಿನ ಮನೆಗಳು ಮೊದಲಿಗಿಂತ ಸ್ವಲ್ಪ ಜಾಸ್ತಿ ಹೊಗೆ ಬಿಟ್ಟವು, ಏಕೆಂದರೆ ಕಾರೇ ಇಲ್ಲದವರಿಗೆ ಈಗ ಕಾರು ಸಿಕ್ಕಿತು. ಕಾರು ಮಾರಿದ ಕಡಿಮೆ ಮನೆಗಳು ಮಾತ್ರ ತುಂಬಾ ಇಳಿಸಿದವು. ಕೂಡಿ ಕಳೆದರೆ ಇಳಿಕೆಯೇ. ನನಗೆ ಆ ಮೊದಲನೆಯದೂ ಕೆಟ್ಟದ್ದು ಅನಿಸುವುದಿಲ್ಲ. ಕಾರು ಕೊಳ್ಳಲಾಗದವರು ತಿಂಗಳಿಗೊಮ್ಮೆ ಕಾರಿನಲ್ಲಿ ಹೋದರೆ ಹೋಗಲಿ ಬಿಡಿ.

ನಿಮ್ಮ ಬೀದಿಗೆ ಇದರ ಅರ್ಥ ಏನು? ಹದಿಮೂರು ಬೇಡ, ಮೂರೇ ಅಂತಿಟ್ಟುಕೊಳ್ಳಿ. ಒಂದು ಜಾಗ ಕೊಟ್ಟು ಮೂರು ಕಾರು ಹೋದರೆ ಲಾಭವೇ. ಆದರೆ ನಿಮಗೆ ಕಣ್ಣಿಗೆ ಕಾಣುವ ಲಾಭ ಆಗುತ್ತದೆ ಅಂತ ಮಾತು ಕೊಡಲಾರೆ. ಹೋದ ಮೂರು ಕಾರು ಪಕ್ಕದ ಬೀದಿಯವು ಇರಬಹುದು, ಅಥವಾ ಯಾವುದೋ ಗ್ಯಾರೇಜಿನಲ್ಲಿದ್ದವು ಇರಬಹುದು. ರಸ್ತೆಬದಿ ಖಾಲಿಯಾದರೆ ಅದನ್ನು ತುಂಬಲು ಇನ್ನೊಬ್ಬರು ಕಾದಿರುತ್ತಾರೆ, ಬಿಟ್ಟಿ ಜಾಗದ ಗುಣವೇ ಅದು. ರಾತ್ರಿ ಎಂಟರ ಮೇಲಿನ ನಿಮ್ಮ ನಾಲ್ಕು ಸುತ್ತು ಬಹುಶಃ ನಾಲ್ಕಾಗಿಯೇ ಉಳಿಯುತ್ತದೆ. ಅದಕ್ಕೆ ಮದ್ದು ಬೇರೆ: ಪರ್ಮಿಟ್ ಸಂಖ್ಯೆಗೆ ಮಿತಿ, ಸರಿಯಾದ ದರ. ಹಾಗಂತ ಹೇಳಿದ ರಾಜಕಾರಣಿ ಮುಂದಿನ ಚುನಾವಣೆಯಲ್ಲಿ ಮನೆಗೆ ಹೋಗುತ್ತಾನೆ, ಅದು ಬೇರೆ ಮಾತು. ಬೆಂಗಳೂರಿನ ಪಾರ್ಕಿಂಗ್ ನೀತಿಗೆ 2021ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿದಾಗ ಮನೆ ಹತ್ತಿರ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000 ಅಂತ ಇಟ್ಟಿದ್ದರು. ಆಗ ಎದ್ದ ಕೂಗು ನಿಮಗೆ ನೆನಪಿರಬಹುದು. ಸಣ್ಣ ಕಾರಿಗೆ ದಿನಕ್ಕೆ ಮೂರು ರೂಪಾಯಿಯೂ ಆಗದ ದುಡ್ಡಿಗೆ ಅಷ್ಟು ಕೂಗು.

‘ಎಲ್ಲರ ರಸ್ತೆಯನ್ನು ಒಬ್ಬರಿಗೆ ಕೊಡಬಹುದೇ’ ಅನ್ನುವ ನಿಮ್ಮ ಮೂಲ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಜರ್ಮನರು. ಅಲ್ಲಿನ ಕಾನೂನಿನಲ್ಲಿ ರಸ್ತೆ ಎಲ್ಲರ ಬಳಕೆಗೆ. ಒಂದು ಕಂಪನಿಗೆ ಗೊತ್ತುಮಾಡಿ ಕೊಡುವುದು ವಿಶೇಷ ಬಳಕೆ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಅದು ಹೇಗಿರಬೇಕು ಅಂತ ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಒಂದು ಕಾರ್‌ಶೇರಿಂಗ್ ಕಾನೂನೇ ಮಾಡಿದರು. 2017ರ ಸೆಪ್ಟೆಂಬರ್ 1ರಿಂದ ಜಾರಿ. ಗೊತ್ತಾದ ಜಾಗದಿಂದ ಓಡುವ ಕಾರುಗಳಿಗೆ ಜಾಗ ಕೊಡಬಹುದು, ಆದರೆ ಎಲ್ಲ ಕಂಪನಿಗಳಿಗೂ ಬಾಗಿಲು ತೆರೆದು ಆಯ್ಕೆ ನಡೆಸಬೇಕು. ಅವಧಿ ಹೆಚ್ಚೆಂದರೆ ಎಂಟು ವರ್ಷ. ಆಮೇಲೆ ಮತ್ತೆ ಮೊದಲಿಂದ. ಒಪ್ಪಂದದ ಒಳಗೆ ಇಷ್ಟು ವಿಷಯ ಇದ್ದರೆ ‘ರಸ್ತೆಯನ್ನು ಕಂಪನಿಗೆ ಬಿಟ್ಟುಕೊಟ್ಟರು’ ಅನ್ನುವ ಮಾತು ಬರುವುದಿಲ್ಲ.

ಜರ್ಮನಿಯಲ್ಲೂ ನನಗೆ ಅಚ್ಚುಮೆಚ್ಚು ಬ್ರೆಮೆನ್. ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ, 2003ರಲ್ಲಿ, ಅವರು ‘ಮೊಬಿಲ್‌ಪುಂಕ್ಟ್’ ಅಂತ ಕಾರ್‌ಶೇರ್ ನಿಲ್ದಾಣ ಶುರು ಮಾಡಿದರು. ಟ್ರಾಮ್ ಅಥವಾ ಬಸ್ಸಿನ ಹತ್ತಿರ, ಸೈಕಲ್ ಕಟ್ಟಲು ಕಂಬಿ, ದೂರದಿಂದ ಕಾಣುವ ನೀಲಿ ಕಂಬ, ನಾಲ್ಕಾರು ಕಾರು. ಹತ್ತು ವರ್ಷದ ಮೇಲೆ, 2013ರಿಂದ, ಹಳೇ ಬಡಾವಣೆಗಳ ಸಣ್ಣ ಬೀದಿಗಳಿಗೆ ಅದರ ಮರಿ ಬಂತು: ಎರಡು ಮೂರು ಕಾರಿನ ಪುಟ್ಟ ನಿಲ್ದಾಣ. ಅದರ ಜಾಣತನ ಮೂಲೆಯಲ್ಲಿದೆ. ಆ ಬೀದಿಗಳು ಎಷ್ಟು ಕಿರಿದು ಅಂದರೆ, ತಿರುವಿನಲ್ಲಿ ಜನ ಕಾರು ತುರುಕುತ್ತಿದ್ದರು, ಕಸದ ಲಾರಿ ತಿರುಗುತ್ತಿರಲಿಲ್ಲ, ಅಗ್ನಿಶಾಮಕ ದಳದ ಗಾಡಿಗೂ ಅದೇ ಪಾಡು. ನಗರದವರು ಮೂಲೆಯ ಫುಟ್‌ಪಾತನ್ನು ಸ್ವಲ್ಪ ಮುಂದಕ್ಕೆ ಚಾಚಿದರು. ಅಲ್ಲಿ ಸೈಕಲ್ ಕಂಬಿ ನೆಟ್ಟರು. ಅದರ ಪಕ್ಕದಲ್ಲಿ ಹಂಚಿಕೆ ಕಾರು. ಇನ್ನು ಮೂಲೆಗೆ ಯಾರೂ ಕಾರು ತುರುಕುವಂತಿಲ್ಲ. ಪಾರ್ಕಿಂಗ್ ಹೋಯಿತು ಅಂತ ಗೊಣಗಿದವರಿಗೂ ಕಸದ ಲಾರಿ ವಾರಕ್ಕೆ ಸರಿಯಾಗಿ ಬಂದದ್ದು ಕಂಡಿತು. ಮಗುವಿನ ಗಾಡಿ ತಳ್ಳಿಕೊಂಡು ರಸ್ತೆ ದಾಟುವ ತಾಯಂದಿರಿಗೆ ಆಚೆಯಿಂದ ಬರುವ ಗಾಡಿ ಕಂಡಿತು.

ಹಾಗಾಗಿ ನಿಮ್ಮನ್ನು ಕೇಳುವುದು: ಆ ಎರಡು ಜಾಗ ಬೀದಿಯ ಮೂಲೆಯಲ್ಲಿವೆಯೋ, ನಡುವಿನಲ್ಲಿ ಯಾರದೋ ಕಿಟಕಿ ಕೆಳಗಿವೆಯೋ? ಮೂಲೆಗಾದರೆ ನಾಲ್ಕೂ ಬೀದಿಯಿಂದ ಕಾಣುತ್ತದೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವ ಸದ್ದು ಒಂದೇ ಮನೆಗೆ ಕೇಳಿಸುವುದಿಲ್ಲ. ನಡುವಿನಲ್ಲಿದ್ದರೆ ಅದನ್ನು ಸರಿಸಿ ಅಂತ ಕೇಳಲು ನಿಮಗೆ ಒಳ್ಳೆಯ ಕಾರಣವಿದೆ. ಮೇಲೆ ಹೇಳಿದೆನಲ್ಲ, ನಿವಾಸಿಗಳ ಸಿಟ್ಟು ಕೆಲವು ಕಡೆ ಒಳ್ಳೆಯದು ಮಾಡಿದೆ ಅಂತ. ಅದು ಹೀಗೆ. ‘ಬೇಡವೇ ಬೇಡ’ ಅಂದವರ ಮಾತು ಸಭೆಯ ಕಾಗದದಲ್ಲಿ ಉಳಿಯಿತು. ‘ಇಲ್ಲಿ ಬೇಡ, ಅಗೋ ಆ ಮೂಲೆಯಲ್ಲಿ ಹಾಕಿ’ ಅಂದವರ ಮಾತು ರಸ್ತೆಯಲ್ಲಿ ಉಳಿಯಿತು. ನ್ಯೂಜೆರ್ಸಿಯ ಹೊಬೋಕನ್ ನಗರವಂತೂ 2010ರಲ್ಲಿ ತನ್ನ 42 ಹಂಚಿಕೆ ಕಾರುಗಳಿಗೆ ‘ಮೂಲೆ ಕಾರು’ ಅಂತಲೇ ಹೆಸರಿಟ್ಟಿತ್ತು.

ನಿಮ್ಮ ಅನುಮಾನಕ್ಕೂ ಆಧಾರ ಇಲ್ಲದೆ ಇಲ್ಲ. ಇಂಡಿಯಾನಾಪೊಲಿಸ್‌ನಲ್ಲಿ 2015ರಲ್ಲಿ ಬ್ಲೂಇಂಡಿ ಅಂತ ವಿದ್ಯುತ್ ಕಾರುಗಳ ಸೇವೆ ಬಂತು. ರಸ್ತೆಬದಿಯಲ್ಲಿ ಚಾರ್ಜ್ ಮಾಡುವ ಕಂಬ ನೆಟ್ಟು ಜಾಗ ಹಿಡಿದರು. ಮೇಯರ್ ಕಡೆಯವರು ಒಪ್ಪಂದ ಮಾಡಿಕೊಂಡರು, ನಗರಸಭೆ ‘ನಮ್ಮನ್ನು ಕೇಳಲಿಲ್ಲ’ ಅಂತ ತಿರುಗಿಬಿತ್ತು. ನೆರೆಹೊರೆಯವರು, ಅಂಗಡಿಯವರು ಗೊಣಗಿದರು. ಐದು ವರ್ಷ ತುಂಬುವ ಮೊದಲೇ, 2020ರ ಮೇ ತಿಂಗಳಲ್ಲಿ, ಸೇವೆ ಮುಚ್ಚಿತು. ಅದರ ಹಿಂದಿದ್ದ ಬೊಲೋರೆ ಕಂಪನಿಯೇ ಪ್ಯಾರಿಸ್‌ನಲ್ಲಿ 2011ರ ಡಿಸೆಂಬರಿನಲ್ಲಿ ಆಟೋಲಿಬ್ ಶುರು ಮಾಡಿತ್ತು. ನಷ್ಟ ಯಾರು ಹೊರಬೇಕು ಅಂತ ನಗರದವರಿಗೂ ಕಂಪನಿಗೂ ಜಗಳವಾಗಿ 2018ರ ಜುಲೈ ಕೊನೆಗೆ ಅದೂ ನಿಂತಿತು. ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗದಲ್ಲಿದ್ದ ಮೂವರಲ್ಲಿ ಸಿಟಿ ಕಾರ್‌ಶೇರ್ 2016ರಲ್ಲಿ ಗೆಟ್‌ಅರೌಂಡ್ ಕೈಗೆ ಹೋಯಿತು, ಗೆಟ್‌ಅರೌಂಡ್ 2025ರ ಫೆಬ್ರವರಿಯಲ್ಲಿ ಅಮೆರಿಕದ ಅಂಗಡಿಯನ್ನೇ ಮುಚ್ಚಿತು. ಕಾರ್‌ಟುಗೋ ಹೆಸರು ಬದಲಿಸಿಕೊಂಡು 2020ರಲ್ಲಿ ಉತ್ತರ ಅಮೆರಿಕ ಬಿಟ್ಟು ಹೋಯಿತು. ಈ ವ್ಯಾಪಾರದಲ್ಲಿ ಕಂಪನಿಗಳು ಬರುವುದೂ ಹೋಗುವುದೂ ಮಾಮೂಲು. ಹಾಗಿರುವಾಗ ಕಂಪನಿ ಹೋದ ಮೇಲೆ ಬೋರ್ಡ್ ಯಾರು ಕೀಳುತ್ತಾರೆ ಅನ್ನುವುದು ಮೊದಲ ದಿನವೇ ಬರೆದಿರಬೇಕು. ಬೋರ್ಡ್ ಹಾಗೇ ಉಳಿದು, ಜಾಗ ಖಾಲಿ, ನಿಲ್ಲಿಸಿದವರಿಗೆ ದಂಡ ಅನ್ನುವಂತಾಗಬಾರದು.

ಆದ್ದರಿಂದ ನಗರದ ಕಚೇರಿಗೆ ಬರೆಯಿರಿ. ಸಿಟ್ಟಿನ ಪತ್ರ ಬೇಡ, ಲೆಕ್ಕ ಕೇಳುವ ಪತ್ರ ಬರೆಯಿರಿ. ಈ ಎರಡು ಜಾಗದ ಪರ್ಮಿಟ್ ಯಾವಾಗ ಮುಗಿಯುತ್ತದೆ, ತಿಂಗಳಿಗೆ ಕಂಪನಿ ಎಷ್ಟು ಕಟ್ಟುತ್ತದೆ, ಕಾರು ದಿನಕ್ಕೆ ಎಷ್ಟು ಗಂಟೆ ಓಡುತ್ತಿದೆ, ಎಷ್ಟು ಜನ ಬಳಸುತ್ತಿದ್ದಾರೆ, ಅವರು ಈ ಸುತ್ತಮುತ್ತಲಿನವರೇನಾ. ಒಳ್ಳೆಯ ನಗರ ಈ ಮಾಹಿತಿ ಕೊಡಲೇಬೇಕು ಅಂತ ಕಂಪನಿಗೆ ಷರತ್ತು ಹಾಕಿರುತ್ತದೆ. ಹಾಕಿಲ್ಲದಿದ್ದರೆ ಉತ್ತರ ಬರುವುದಿಲ್ಲ, ಆಗ ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಸಿಕ್ಕ ಹಾಗಾಯಿತು. ರಸ್ತೆ ಗುಡಿಸುವ ದಿನ ಆ ಕಾರುಗಳ ಕೆಳಗೆ ಯಾರು ಗುಡಿಸುತ್ತಾರೆ ಅಂತಲೂ ಕೇಳಿ. ಚಿಕ್ಕ ವಿಷಯ ಅನಿಸುತ್ತದೆ. ಆದರೆ ಒಣಗಿದ ಎಲೆ ಮೋರಿ ಬಾಯಿಗೆ ಕಟ್ಟಿಕೊಂಡು ಮಳೆನೀರು ನಿಂತ ದಿನ ಇಡೀ ಬೀದಿ ಬೈಯುವುದು ಆ ಕಾರುಗಳನ್ನೇ.

ಉಳಿದದ್ದು ನಿಮ್ಮ ಮನೆಯವರ ಮಾತು. ಕಾರು ಮಾರಬೇಕಾ? ಜರ್ಮನಿಯಲ್ಲಿ ಒಂದು ರೂಢಿಯ ಲೆಕ್ಕವಿದೆ: ವರ್ಷಕ್ಕೆ 10,000 ಕಿಲೋಮೀಟರಿಗಿಂತ ಕಡಿಮೆ ಓಡಿಸುವವರಿಗೆ ಹಂಚಿಕೆ ಕಾರು ಅಗ್ಗ. ಅಂದರೆ ಸುಮಾರು 6,000 ಮೈಲಿ. ಆದರೆ ದಿನಾ ಆಫೀಸಿಗೆ ಕಾರಲ್ಲೇ ಹೋಗುವವರಾದರೆ ಈ ಲೆಕ್ಕ ಬಿಟ್ಟುಬಿಡಿ, ಬೆಳಿಗ್ಗೆ ತೆಗೆದು ಸಂಜೆವರೆಗೆ ಆಫೀಸಿನ ಮುಂದೆ ನಿಲ್ಲಿಸಿ ಗಂಟೆಗೆ ದುಡ್ಡು ಕಟ್ಟುವುದು ಹುಚ್ಚುತನ. ಚಿಕ್ಕ ಮಗು ಇದ್ದರೆ ಮಗುವಿನ ಸೀಟನ್ನು ಪ್ರತಿ ಸಲ ಹೊತ್ತು, ಕಟ್ಟಿ, ಬಿಚ್ಚಿ ಮಾಡಬೇಕು. ಮೂರನೇ ವಾರಕ್ಕೆ ಬೆನ್ನು ಹೇಳುತ್ತದೆ. ಊರಿಂದ ಅಪ್ಪ ಅಮ್ಮ ಬಂದು ಮೂರು ತಿಂಗಳು ಇರುವಾಗ ದಿನಾ ಎಲ್ಲಿಗಾದರೂ ಹೊರಡುವುದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಕ್ಷಣ ಮಾರಬೇಡಿ. ನಿಮ್ಮ ಮನೆಯವರ ಹೆಸರಿನಲ್ಲಿ ಆ ಕಾರ್‌ಶೇರ್‌ಗೆ ಸದಸ್ಯತ್ವ ತೆಗೆದುಕೊಳ್ಳಿ, ನಿಮ್ಮ ಕಾರಿನ ಕೀ ಅವರ ಹತ್ತಿರ ಕೊಡಿ. ಒಂದು ತಿಂಗಳು ಕಾರು ಬೇಕಾದಾಗಲೆಲ್ಲ ಮೊದಲು ಆ ಎರಡು ಜಾಗದತ್ತ ನಡೆದು ಹೋಗಿ. ಅಲ್ಲಿ ಸಿಗದಿದ್ದರೆ ಮಾತ್ರ ಕೀ ಕೇಳಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೀ ಕೇಳಿದ ದಿನಕ್ಕೆ ಒಂದು ಗೀಟು ಹಾಕಿ, ಯಾಕೆ ಕೇಳಿದಿರಿ ಅಂತಲೂ ಬರೆದಿಡಿ. ತಿಂಗಳ ಕೊನೆಗೆ ಅಲ್ಲಿ ‘ರಸ್ತೆ ಗುಡಿಸುವ ದಿನ, ಆಚೆ ಬದಿಗೆ ಸರಿಸಲು’ ಅನ್ನುವುದು ಬಿಟ್ಟು ಬೇರೇನೂ ಇಲ್ಲದಿದ್ದರೆ, ನನಗೆ ಇನ್ನೊಂದು ಪತ್ರ ಬರೆಯುವ ಅಗತ್ಯವಿಲ್ಲ.